ಪ್ಲೇಆಫ್ ದೊಡ್ಡದಾಯ್ತು, ಚಿಕ್ಕ ಕಾಲೇಜುಗಳಲ್ಲಿ ಹುಡುಗ್ರು ನಿಲ್ತಿಲ್ಲ

ಶುಕ್ರವಾರ ಬಂತು ಅಂದ್ರೆ ನಮ್ಮನೇಲಿ ಅಡಿಗೆ ನಾಲ್ಕು ಗಂಟೆಗೇ ಮುಗೀಬೇಕು. ಮಗಳು ಸ್ಕೂಲಿನ ಮಾರ್ಚಿಂಗ್ ಬ್ಯಾಂಡಲ್ಲಿ ಕ್ಲಾರಿನೆಟ್ ನುಡಿಸ್ತಾಳೆ, ಫುಟ್‌ಬಾಲ್ ಆಟದ ಮಧ್ಯದ ಬ್ರೇಕಲ್ಲಿ ಇವರ ಬ್ಯಾಂಡ್ ಮೈದಾನಕ್ಕೆ ಇಳಿಯತ್ತೆ, ಅವಳನ್ನ ನೋಡೋಕೆ ಅಂತ ಹೋಗ್ತಾ ಹೋಗ್ತಾ ನನಗೆ ಆಟದ ಹುಚ್ಚು ಹಿಡೀತು. ನಾವು ಹಾಸನದವರು, ಇರೋದು ಟೆಕ್ಸಸ್‌ನ ಫ್ರಿಸ್ಕೋದಲ್ಲಿ, ಡಾಲಸ್ ಪಕ್ಕ. ಇಲ್ಲಿ ಕನ್ನಡದವರು ಬೇಕಾದಷ್ಟು ಜನ ಇದ್ದಾರೆ ಆದ್ರೆ ಸ್ಟ್ಯಾಂಡಲ್ಲಿ ಕೂತು ಥರ್ಡ್ ಡೌನ್‌ಗೆ ಕೂಗಾಡೋ ಕನ್ನಡದ ಅಮ್ಮಂದಿರು ಕಮ್ಮಿ, ಅದಕ್ಕೆ ಇದನ್ನೆಲ್ಲ ಕನ್ನಡದಲ್ಲಿ ಬರೀಬೇಕು ಅಂತ ತುಂಬ ದಿನದಿಂದ ಆಸೆ ಇತ್ತು.

ಗೊತ್ತಿಲ್ದೋರಿಗೆ ಒಂದ್ಮಾತು, ಇದು ಕಾಲಲ್ಲಿ ಒದೆಯೋ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕ್ಕೊಂಡು ಉದ್ದುದ್ದ ಚೆಂಡನ್ನ ಎತ್ಕೊಂಡು ಓಡೋ ಅಮೆರಿಕದ ಫುಟ್‌ಬಾಲ್. ಚೆನ್ನಾಗಿ ಆಡೋ ಹೈಸ್ಕೂಲ್ ಹುಡುಗ್ರನ್ನ ಕಾಲೇಜುಗಳು ಹುಡುಕ್ಕೊಂಡು ಬಂದು ಸ್ಕಾಲರ್‌ಶಿಪ್ ಕೊಟ್ಟು ಕರ್ಕೊಂಡು ಹೋಗ್ತವೆ, ಇದಕ್ಕೆ ರಿಕ್ರೂಟಿಂಗ್ ಅಂತಾರೆ. ಸೀಸನ್ ಕೊನೆಗೆ ಆರಿಸಿದ ತಂಡಗಳು ಆಡಿ ದೇಶದ ಚಾಂಪಿಯನ್ ಯಾರು ಅಂತ ತೀರ್ಮಾನ ಮಾಡೋ ಆಟಗಳಿಗೆ ಪ್ಲೇಆಫ್ ಅಂತಾರೆ. ಮೇಲಿನ ಡಿವಿಜನ್‌ನಲ್ಲಿ 2025ರಲ್ಲಿ 136 ಕಾಲೇಜು ಇದ್ವು, ಇವು ಕಾನ್ಫರೆನ್ಸ್ ಅನ್ನೋ ಗುಂಪುಗಳಾಗಿ ಆಡ್ತವೆ. ಅದರಲ್ಲಿ ಹೆಚ್ಚುಕಮ್ಮಿ ಅರ್ಧ ದೊಡ್ಡ ನಾಲ್ಕು ಕಾನ್ಫರೆನ್ಸ್‌ಗಳಲ್ಲಿವೆ, ಎಸ್‌ಇಸಿ, ಬಿಗ್ ಟೆನ್, ಬಿಗ್ ಟ್ವೆಲ್ವ್, ಎಸಿಸಿ. ದುಡ್ಡು, ಟಿವಿ, ಹೆಸರು ಎಲ್ಲಾ ಅವರ ಹತ್ರ. ಉಳಿದ ಅರ್ಧ, ಅಂದ್ರೆ ಅಮೆರಿಕನ್, ಸನ್ ಬೆಲ್ಟ್, ಮೌಂಟನ್ ವೆಸ್ಟ್ ಥರದ ಚಿಕ್ಕ ಕಾನ್ಫರೆನ್ಸ್‌ಗಳು, ಇವರ ಕಥೆನೇ ನಾನಿವತ್ತು ಹೇಳ್ಬೇಕು ಅಂದ್ಕೊಂಡಿರೋದು, ಯಾಕಂದ್ರೆ ನಮ್ಮ ಪಕ್ಕದ್ಮನೆ ಹುಡುಗನ ಪೂರ್ತಿ ಒಂದು ವರ್ಷ ಈ ಕಥೆಯೊಳಗೇ ಕಳೆದುಹೋಯ್ತು.

ಅವನು ಕಾರ್ನರ್‌ಬ್ಯಾಕ್. ಎದುರು ತಂಡದವನು ಹಿಡಿಯೋಕೆ ಬರೋ ಚೆಂಡನ್ನ ತಪ್ಪಿಸೋದು ಅವನ ಕೆಲಸ. ಎತ್ತರ ಸ್ವಲ್ಪ ಕಮ್ಮಿ, ಓಟ ಮಾತ್ರ ಜಿಂಕೆ ಥರ. ಅವರಪ್ಪ ಟ್ರಕ್ ಡೀಲರ್‌ಶಿಪ್ಪಲ್ಲಿ ಕೆಲಸ ಮಾಡ್ತಾರೆ, ಅಮ್ಮ ನರ್ಸು, ನಾವು ಈ ಮನೆಗೆ ಬಂದ ದಿನವೇ ಮೆಕ್ಕೆಜೋಳದ ಬ್ರೆಡ್ ತಂದುಕೊಟ್ಟವರು. ಹುಡುಗನ್ನ ನಾನು ಅವನ ಒಂಬತ್ತನೇ ವಯಸ್ಸಿಂದ ನೋಡಿದೀನಿ. 2025ರ ಜೂನ್‌ನಲ್ಲಿ ಬೇರೆ ರಾಜ್ಯದ ಒಂದು ಚಿಕ್ಕ ಕಾನ್ಫರೆನ್ಸ್ ಕಾಲೇಜಿನವರು ಅವನನ್ನ ಕರೆಸಿ, ಕ್ಯಾಂಪಸ್ ತೋರಿಸಿ, ಫುಲ್ ಸ್ಕಾಲರ್‌ಶಿಪ್ ಕೊಡ್ತೀವಿ ಅಂದ್ರು. ಅವನೂ ಬರ್ತೀನಿ ಅಂತ ಮಾತು ಕೊಟ್ಟ. ಕಾಲೇಜಿನ ಹೆಸರು ಇಲ್ಲಿ ಬೇಡ.

ಅದಕ್ಕೂ ಮುಂಚೆ ಕೋಚ್ ಒಬ್ರು ಇವರ ಮನೆಗೇ ಬಂದಿದ್ರಂತೆ. ಸೋಫಾ ಮೇಲೆ ಕೂತು ಆ ಕೋಚ್ ಹೇಳಿದ ಮೊದಲ ಮಾತೇ ಪ್ಲೇಆಫ್ ಬಗ್ಗೆ ಅಂತ ಅವರಮ್ಮ ನನಗೆ ಹೇಳಿದ್ರು. "ನಮ್ಮಲ್ಲಿಗೆ ಬಂದ್ರೂ ನೀನು ನ್ಯಾಷನಲ್ ಚಾಂಪಿಯನ್‌ಶಿಪ್‌ಗೆ ಆಡಬಹುದು." ಹತ್ತು ವರ್ಷದ ಹಿಂದೆ ಚಿಕ್ಕ ಕಾಲೇಜಿನ ಯಾವ ಕೋಚೂ ಈ ಮಾತನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳೋಕೆ ಆಗ್ತಿರಲಿಲ್ಲ. ಲೆಕ್ಕ ನೋಡಿ, ಪ್ಲೇಆಫ್ ಶುರುವಾಗಿದ್ದು 2014ರ ಸೀಸನ್‌ನಲ್ಲಿ, ಬರೀ ನಾಲ್ಕು ತಂಡ. 2023ರ ತನಕ ಹತ್ತು ಸೀಸನ್, ನಲವತ್ತು ಜಾಗ. ಅಷ್ಟರಲ್ಲಿ ಚಿಕ್ಕ ಕಾನ್ಫರೆನ್ಸ್‌ಗೆ ಸಿಕ್ಕಿದ್ದು ಒಂದೇ ಒಂದು, 2021ರಲ್ಲಿ ಸಿನ್ಸಿನಾಟಿಗೆ. 2017ರಲ್ಲಿ ಯುಸಿಎಫ್ ಅನ್ನೋ ಚಿಕ್ಕ ಕಾನ್ಫರೆನ್ಸ್ ಕಾಲೇಜು 13 ಆಟ ಆಡಿ 13ನ್ನೂ ಗೆದ್ದಿತ್ತು, ಸೀಸನ್ ಮುಗಿದ್ಮೇಲೆ ಆಡೋ ಬೌಲ್ ಆಟಗಳಲ್ಲೊಂದಾದ ಪೀಚ್ ಬೌಲ್‌ನಲ್ಲಿ ಆಬರ್ನ್‌ನ 34-27ಕ್ಕೆ ಸೋಲಿಸಿತ್ತು, ಆದ್ರೂ ಅವರನ್ನ ಪ್ಲೇಆಫ್ ಹತ್ರಕ್ಕೂ ಸೇರಿಸಿರಲಿಲ್ಲ. ಒಂದೂ ಸೋಲದೆ ಇರೋದಕ್ಕಿಂತ ಹೆಚ್ಚಿಗೆ ಇನ್ನೇನು ಮಾಡ್ಬೇಕು ಹೇಳಿ? ಆ ಅನ್ಯಾಯ ನೆನೆಸ್ಕೊಂಡ್ರೆ ನನಗೆ ಈಗ್ಲೂ ಹೊಟ್ಟೆ ಉರಿಯತ್ತೆ.

2024ರಿಂದ ಹನ್ನೆರಡು ತಂಡ ಆಯ್ತು. ಐದು ಜಾಗ ರ‍್ಯಾಂಕಿಂಗ್‌ನಲ್ಲಿ ಮೇಲಿರೋ ಐದು ಕಾನ್ಫರೆನ್ಸ್ ಚಾಂಪಿಯನ್‌ಗಳಿಗೆ ಅಂತ ರೂಲ್ ಬಂತು, ದೊಡ್ಡ ಕಾನ್ಫರೆನ್ಸ್ ಇರೋದೇ ನಾಲ್ಕು ಅಂದ್ಮೇಲೆ ಚಿಕ್ಕವರಿಗೆ ಕನಿಷ್ಠ ಒಂದು ಜಾಗ ಗ್ಯಾರಂಟಿ. ಮೊದಲ ವರ್ಷವೇ ಬೋಯ್ಸಿ ಸ್ಟೇಟ್ ಆ ಜಾಗ ತಗೊಂಡಿದ್ದಲ್ಲದೆ ಮೂರನೇ ಸೀಡ್ ಆಗಿ ಮೊದಲ ರೌಂಡ್ ಆಡದೆ ನೇರ ಎರಡನೇ ರೌಂಡಿಗೆ ಹೋಯ್ತು. ಆ ತಂಡದ ಆ್ಯಷ್ಟನ್ ಜೆಂಟಿ ನಮ್ಮ ಫ್ರಿಸ್ಕೋದ ಹುಡುಗ, ಲೋನ್ ಸ್ಟಾರ್ ಹೈಸ್ಕೂಲು. ಮಗಳ ಸ್ಕೂಲ್ ಬೇರೆ, ಆದ್ರೆ ಅದೇ ಡಿಸ್ಟ್ರಿಕ್ಟ್. ಅಪ್ಪ ನೇವಿಯಲ್ಲಿದ್ದಿದ್ರಿಂದ ಅವನು ಫುಟ್‌ಬಾಲ್ ಶುರು ಮಾಡಿದ್ದು ಇಟಲಿಯಲ್ಲಿ, ಆಮೇಲೆ ಇಲ್ಲಿಗೆ ಬಂದಿದ್ದು. 2023ರಲ್ಲಿ ಅವನು ಚೆನ್ನಾಗಿ ಆಡಿದ್ಮೇಲೆ ದೊಡ್ಡ ಕಾಲೇಜುಗಳಿಗೆ, ದೊಡ್ಡ ದುಡ್ಡಿಗೆ ಹೋಗೋ ದಾರಿ ಸಲೀಸಾಗಿ ತೆರೆದಿತ್ತು, ಅವನು ಹೋಗ್ಲಿಲ್ಲ, ಬೋಯ್ಸಿಯಲ್ಲೇ ಉಳ್ಕೊಂಡ. ಮುಂದಿನ ವರ್ಷ 2,601 ಯಾರ್ಡ್ ಓಡಿದ, ಬ್ಯಾರಿ ಸ್ಯಾಂಡರ್ಸ್ ಮಾಡಿದ್ದ ಒಂದು ಸೀಸನ್ ರೆಕಾರ್ಡಿಗೆ 27 ಯಾರ್ಡ್ ಕಮ್ಮಿ ಅಷ್ಟೇ, ವರ್ಷದ ಅತ್ಯುತ್ತಮ ಕಾಲೇಜ್ ಆಟಗಾರನಿಗೆ ಕೊಡೋ ಹೈಸ್ಮನ್ ಟ್ರೋಫಿಯಲ್ಲಿ ಎರಡನೇ ಸ್ಥಾನ, 2025ರಲ್ಲಿ ಪ್ರೊಫೆಷನಲ್ ತಂಡಗಳು ಆಟಗಾರರನ್ನ ಆರಿಸೋ ಡ್ರಾಫ್ಟ್‌ನಲ್ಲಿ ಆರನೆಯವನಾಗಿ ಲಾಸ್ ವೇಗಸ್ ತಂಡಕ್ಕೆ ಹೋದ. ಪಕ್ಕದ್ಮನೆ ಹುಡುಗನ ರೂಮಿನ ಗೋಡೆ ಮೇಲೆ ಜೆಂಟಿ ಚಿತ್ರ ಇದೆ, ಕೈಗಳನ್ನ ಎರಡೂ ಪಕ್ಕ ಇಳಿಬಿಟ್ಟು ನೆಟ್ಟಗೆ ನಿಂತಿರೋದು, ಆಟ ಶುರುವಾಗೋ ಮುಂಚೆ ಅವನು ನಿಲ್ಲೋದೇ ಹಾಗೆ.

ಹಾಗಾಗಿ ಆ ಕೋಚ್ ಹೇಳಿದ್ದು ಸುಳ್ಳಲ್ಲ. ಪ್ಲೇಆಫ್ ದೊಡ್ಡದಾಗಿದ್ದು ಚಿಕ್ಕ ಕಾಲೇಜುಗಳಿಗೆ ಹೈಸ್ಕೂಲ್ ಹುಡುಗರ ಮುಂದೆ ಹೇಳ್ಕೊಳೋಕೆ ಒಂದು ನಿಜವಾದ ಮಾತು ಕೊಡ್ತು. ಆದ್ರೆ ಅದೇ ಹೊತ್ತಿಗೆ ಇನ್ನೆರಡು ಬದಲಾವಣೆ ಬಂದು ಕೂತಿದ್ವು. 2021ರಿಂದ ಆಟಗಾರರು ಒಂದು ವರ್ಷ ಬೆಂಚಲ್ಲಿ ಕೂರದೆ ಕಾಲೇಜ್ ಬದಲಾಯಿಸಬಹುದು, 2024ರಿಂದ ಎಷ್ಟು ಸಲ ಬೇಕಾದ್ರೂ, ಹಾಗೆ ಹೊರಡೋರು ಹೆಸರು ಹಾಕೋ ಪಟ್ಟಿಗೆ ಟ್ರಾನ್ಸ್‌ಫರ್ ಪೋರ್ಟಲ್ ಅಂತ ಹೆಸರು. ಅದೇ 2021ರ ಜುಲೈನಿಂದ ಹುಡುಗ್ರು ತಮ್ಮ ಹೆಸರಲ್ಲಿ ದುಡ್ಡು ಮಾಡ್ಕೊಬಹುದು ಅಂತಾಯ್ತು, 2025ರ ಜುಲೈಯಿಂದ ಕಾಲೇಜೇ ನೇರವಾಗಿ ಆಟಗಾರರಿಗೆ ದುಡ್ಡು ಕೊಡಬಹುದು, ಒಂದು ಕಾಲೇಜಿಗೆ ಎಲ್ಲ ಆಟ ಸೇರಿ ಮೊದಲ ವರ್ಷ ಸುಮಾರು 2 ಕೋಟಿ 5 ಲಕ್ಷ ಡಾಲರ್ ಮಿತಿ ಇತ್ತು. ದೊಡ್ಡವರು ಆ ಮಿತಿ ತನಕ ಕೊಡ್ತಾರೆ. ಚಿಕ್ಕವರಿಗೆ ಅದರ ಹತ್ರಕ್ಕೂ ಹೋಗೋಕಾಗಲ್ಲ.

ಪ್ಲೇಆಫ್‌ನಿಂದ ಚಿಕ್ಕ ಕಾಲೇಜಿನ ಹುಡುಗರನ್ನ ದೇಶವೆಲ್ಲ ನೋಡೋ ಹಾಗಾಯ್ತು, ಪೋರ್ಟಲ್‌ನಿಂದ ಯಾರು ಬೇಕಾದ್ರೂ ಎತ್ಕೊಂಡು ಹೋಗೋ ಹಾಗಾಯ್ತು. ಅಂಗಡಿ ಬಾಗ್ಲಲ್ಲಿ ಬೊಂಬೆಗೆ ಉಡಿಸಿದ ಸೀರೆ ಥರ, ಎಲ್ರ ಕಣ್ಣೂ ಅದರ ಮೇಲೇನೇ, ಮೊದಲು ಮಾರಿಹೋಗೋದೂ ಅದೇ.

ಇದನ್ನ ನಾನು ಹತ್ತಿರದಿಂದ ನೋಡಿದ್ದು ಡೆಂಟನ್‌ನಲ್ಲಿ. ನಮ್ಮನೆಯಿಂದ ಕಾರಲ್ಲಿ ಸ್ವಲ್ಪ ದೂರ ಹೋದ್ರೆ ಯೂನಿವರ್ಸಿಟಿ ಆಫ್ ನಾರ್ತ್ ಟೆಕ್ಸಸ್, ಹಸಿರು ಬಣ್ಣದ ತಂಡ, ಮೀನ್ ಗ್ರೀನ್ ಅಂತಾರೆ, ಅಮೆರಿಕನ್ ಕಾನ್ಫರೆನ್ಸ್. 2024ರಲ್ಲಿ ಚೆಂಡು ಎಸೆದು ಆಟ ನಡೆಸೋ ಅವರ ಕ್ವಾರ್ಟರ್‌ಬ್ಯಾಕ್ ಚಾಂಡ್ಲರ್ ಮಾರಿಸ್. ಸೀಸನ್ ಮುಗಿಯೋ ಹೊತ್ತಿಗೆ ಪೋರ್ಟಲ್‌ಗೆ ಹೋಗಿ ವರ್ಜೀನಿಯಾ ಸೇರ್ಕೊಂಡ. ಇನ್ನೊಂದು ಬೌಲ್ ಆಟ ಬಾಕಿ ಇದೆ, ಆಡೋರ್ಯಾರು? ಡ್ರೂ ಮೆಸ್ಟಮೇಕರ್ ಅನ್ನೋ ಹುಡುಗನನ್ನ ಇಳಿಸಿದ್ರು. ಅವನು ಸ್ಕಾಲರ್‌ಶಿಪ್ ಇಲ್ಲದೆ ಸೇರಿದ್ದ ವಾಕ್-ಆನ್, ಹೈಸ್ಕೂಲ್‌ನ ಮೊದಲ ತಂಡದಲ್ಲೂ ಕ್ವಾರ್ಟರ್‌ಬ್ಯಾಕ್ ಆಗಿ ಆಟ ಶುರು ಮಾಡಿದವನಲ್ಲ. ಅಂಥವನು 2025ರಲ್ಲಿ ನಾಲ್ಕು ಸಾವಿರ ಯಾರ್ಡ್‌ಗಿಂತ ಹೆಚ್ಚು ಪಾಸ್ ಮಾಡಿ ಇಡೀ ದೇಶಕ್ಕೇ ಮೊದಲಿಗನಾದ! ಕೋಚ್ ಎರಿಕ್ ಮಾರಿಸ್ ಅವನಲ್ಲಿ ಏನು ಕಂಡ್ರೋ. ಹುಡುಗನ ಒಳಗಿರೋದನ್ನ ಬೇರೆಯವರಿಗಿಂತ ಮುಂಚೆ ಕಾಣೋದೇ ಚಿಕ್ಕ ಕಾಲೇಜುಗಳ ದೊಡ್ಡ ವಿದ್ಯೆ ಅಂತ ನನಗನ್ಸತ್ತೆ.

ಸೆಪ್ಟೆಂಬರ್ 13ಕ್ಕೆ ನಾವೆರಡೂ ಮನೆಯವರು ಡೆಂಟನ್‌ಗೆ ಹೋಗಿದ್ವಿ. ವಾಷಿಂಗ್ಟನ್ ಸ್ಟೇಟ್ ಮೇಲೆ ಆಟ, 59-10ಕ್ಕೆ ನಾರ್ತ್ ಟೆಕ್ಸಸ್ ಗೆಲ್ತು. ಬಿಸಿಲು ಅಂದ್ರೆ ಬಿಸಿಲು, ನಮ್ಮೆಜಮಾನ್ರು ಟವೆಲ್ ತಲೆ ಮೇಲೆ ಹಾಕ್ಕೊಂಡು ಕೂತಿದ್ರು, ಪಕ್ಕದ್ಮನೆ ಹುಡುಗ ಮಾತ್ರ ಪೂರ್ತಿ ಹೊತ್ತು ನಿಂತ್ಕೊಂಡೇ ನೋಡಿದ. ಅದೇ ದಿನ ನ್ಯೂ ಆರ್ಲಿಯನ್ಸ್‌ನಲ್ಲಿ ಅಮೆರಿಕನ್ ಕಾನ್ಫರೆನ್ಸಿನದೇ ಆದ ಟುಲೇನ್ ತಂಡ ಎಸಿಸಿಯ ಡ್ಯೂಕ್‌ನ 34-27ಕ್ಕೆ ಸೋಲಿಸ್ತು. ಡ್ಯೂಕ್‌ನ ಕ್ವಾರ್ಟರ್‌ಬ್ಯಾಕ್ ಡೇರಿಯನ್ ಮೆನ್ಸಾ, ಹಿಂದಿನ ವರ್ಷ ಟುಲೇನ್‌ನವನೇ! ಎರಡು ವರ್ಷಕ್ಕೆ 80 ಲಕ್ಷ ಡಾಲರ್ ಅಂತ ಸುದ್ದಿಯಾಗಿತ್ತು ಅವನು ಹೋದಾಗ. ಹಳೇ ಮನೆಗೇ ಎದುರಾಳಿಯಾಗಿ ಬಂದು ಸೋತು ಹೋದ.

ಆದ್ರೆ ನಾನು ನಿಮಗೆ ಹೇಳ್ಬೇಕು ಅಂದ್ಕೊಂಡಿದ್ದು ಡಿಸೆಂಬರ್ ಮೊದಲ ವಾರದ ಕಥೆ. ಡಿಸೆಂಬರ್ 5, ಅಮೆರಿಕನ್ ಕಾನ್ಫರೆನ್ಸ್ ಫೈನಲ್, ಟುಲೇನ್ ಮೇಲೆ ನಾರ್ತ್ ಟೆಕ್ಸಸ್, ಗೆದ್ದವರಿಗೆ ಪ್ಲೇಆಫ್. ಮಾರನೇ ದಿನ ಎಸಿಸಿ ಫೈನಲ್, ಡ್ಯೂಕ್ ಮೇಲೆ ವರ್ಜೀನಿಯಾ. ಅಂದ್ರೆ ಮೆನ್ಸಾ ಮೇಲೆ ಚಾಂಡ್ಲರ್ ಮಾರಿಸ್. ದೊಡ್ಡ ಕಾನ್ಫರೆನ್ಸ್‌ನ ಫೈನಲ್‌ನಲ್ಲಿ ಎರಡೂ ಕಡೆ ನಿಂತಿದ್ದ ಕ್ವಾರ್ಟರ್‌ಬ್ಯಾಕ್‌ಗಳು ಹಿಂದಿನ ವರ್ಷ ಆ ಚಿಕ್ಕ ಫೈನಲ್‌ನ ಎರಡು ತಂಡದಲ್ಲಿದ್ದವರು! ನಾನು ಇದನ್ನ ಮನೇಲಿ ಎಲ್ರಿಗೂ ಹಿಡ್ಕೊಂಡು ಹೇಳಿದೀನಿ, ಇವತ್ತಿನ ಕಾಲೇಜ್ ಫುಟ್‌ಬಾಲ್ ಅರ್ಥ ಆಗೋಕೆ ಇದೊಂದು ಸಾಕು. ಟುಲೇನ್ 34-21ಕ್ಕೆ ಗೆಲ್ತು. ಡ್ಯೂಕ್ ಓವರ್‌ಟೈಮ್‌ನಲ್ಲಿ 27-20ಕ್ಕೆ ಗೆಲ್ತು. ಡ್ಯೂಕ್ ಅಷ್ಟೊತ್ತಿಗಾಗ್ಲೇ ಐದು ಆಟ ಸೋತಿದ್ರಿಂದ ರ‍್ಯಾಂಕಿಂಗ್‌ನಲ್ಲಿ ಮೇಲೆ ಬರ್ಲಿಲ್ಲ, ಎಸಿಸಿ ಚಾಂಪಿಯನ್ ಆದ್ರೂ ಪ್ಲೇಆಫ್ ಇಲ್ಲ, ಅವರ ಬದಲು ಐದನೇ ಚಾಂಪಿಯನ್ ಆಗಿ ಸನ್ ಬೆಲ್ಟ್‌ನ ಜೇಮ್ಸ್ ಮ್ಯಾಡಿಸನ್ ಒಳಗೆ ಬಂತು. ಹೋದ ಹುಡುಗ ಹೋದಲ್ಲಿ ಗೆದ್ದು ತಾನು ಪ್ಲೇಆಫ್ ಆಡ್ಲಿಲ್ಲ, ಅವನು ಬಿಟ್ಟುಬಂದ ಟುಲೇನ್ ಆಡ್ತು, ಅವನ ಗೆಲುವಿಂದ ಇನ್ನೊಂದು ಚಿಕ್ಕ ಕಾಲೇಜಿಗೂ ಜಾಗ ಆಯ್ತು.

ಕೇಳೋಕೆ ಚಂದ ಇದೆ. ಆದ್ರೆ ಆ ಅಮೆರಿಕನ್ ಫೈನಲ್ ಆಡೋ ದಿನಕ್ಕಾಗ್ಲೇ ಎರಡೂ ತಂಡದ ಕೋಚ್‌ಗಳು ಬೇರೆ ಕೆಲಸ ಒಪ್ಕೊಂಡಾಗಿತ್ತು. ಟುಲೇನ್‌ನ ಜಾನ್ ಸಮ್ರಾಲ್ ಫ್ಲೋರಿಡಾಗೆ, ನಾರ್ತ್ ಟೆಕ್ಸಸ್‌ನ ಎರಿಕ್ ಮಾರಿಸ್ ಒಕ್ಲಹೋಮ ಸ್ಟೇಟ್‌ಗೆ. ಅದೇ ಕಾನ್ಫರೆನ್ಸ್‌ನ ಸೌತ್ ಫ್ಲೋರಿಡಾ ಕೋಚ್ ಆಬರ್ನ್‌ಗೆ, ಮೆಂಫಿಸ್ ಕೋಚ್ ಆರ್ಕನ್ಸಾಗೆ. ಜೇಮ್ಸ್ ಮ್ಯಾಡಿಸನ್‌ನ ಬಾಬ್ ಚೆಸ್ನಿ ಯುಸಿಎಲ್‌ಎಗೆ. ಪ್ಲೇಆಫ್‌ಗೆ ಬಂದ ಚಿಕ್ಕ ತಂಡ ಎರಡಕ್ಕೆ ಎರಡೂ, ಹೊರಡೋಕೆ ಗಂಟುಮೂಟೆ ಕಟ್ಟಿದ್ದ ಕೋಚ್ ಜೊತೆನೇ ಆಡಿದ್ದು. ಕೋಚ್‌ಗಳು ನಿಂತು ಆಡ್ಸಿದ್ರು, ಅದಕ್ಕೆ ಅವರನ್ನ ಮೆಚ್ಚಬೇಕು. ಡಿಸೆಂಬರ್ 20ಕ್ಕೆ ಎರಡೂ ಸೋತವು, ಟುಲೇನ್ ಮಿಸಿಸಿಪಿಯಲ್ಲಿ ಓಲ್ ಮಿಸ್ ಎದುರು 41-10, ಜೇಮ್ಸ್ ಮ್ಯಾಡಿಸನ್ ಆರೆಗನ್ ಎದುರು 51-34. ಮಾರನೇ ದಿನ ಟಿವಿಯಲ್ಲಿ ಇದೇ ಮಾತು, ಚಿಕ್ಕವರಿಗೆ ಇಲ್ಲಿ ಜಾಗ ಯಾಕೆ, ಇವರ ಬದಲು ಬೇರೆ ದೊಡ್ಡ ತಂಡ ಕರೀಬೇಕಿತ್ತು ಅಂತ.

ನನಗೆ ತುಂಬ ಸಿಟ್ಟು ಬಂದಿದ್ದು ಅಲ್ಲೇ. ಇವರ ಹುಡುಗರನ್ನ ನೀವೇ ಕರ್ಕೊಂಡು ಹೋಗಿ ಆಮೇಲೆ ಇವರ ತಂಡ ವೀಕು ಅಂದ್ರೆ? ಟುಲೇನ್‌ಗೆ ಎರಡು ವರ್ಷ ಸಾವಿರ ಸಾವಿರ ಯಾರ್ಡ್ ಮೇಲೆ ಓಡಿದ್ದ ಮಖಾಯ್ ಹ್ಯೂಸ್ ಆ ವರ್ಷ ಆರೆಗನ್‌ಗೆ ಹೋಗಿದ್ದ, ಅಲ್ಲಿ ಆಡೋ ಅವಕಾಶವೇ ಸರಿಯಾಗಿ ಸಿಗ್ಲಿಲ್ಲ. ಇನ್ನು ಬಿಗ್ ಟೆನ್‌ನ ಇಂಡಿಯಾನ ನೋಡಿ. ಕೋಚ್ ಕರ್ಟ್ ಸಿಗ್ನೆಟ್ಟಿ 2023ರ ಕೊನೆಗೆ ಜೇಮ್ಸ್ ಮ್ಯಾಡಿಸನ್ ಬಿಟ್ಟು ಇಂಡಿಯಾನಗೆ ಹೋದಾಗ ಹತ್ತು ಹನ್ನೆರಡಕ್ಕಿಂತ ಹೆಚ್ಚು ಹುಡುಗ್ರು ಜೊತೆಗೇ ಹೋದ್ರು, ಏಡನ್ ಫಿಶರ್, ಡಿಏಂಜೆಲೊ ಪಾಂಡ್ಸ್, ಮಿಕೈಲ್ ಕಮಾರ, ಎಲೈಜಾ ಸ್ಯಾರಟ್. ಸ್ಯಾರಟ್ ಅದಕ್ಕೂ ಮುಂಚೆ ಪೆನ್ಸಿಲ್ವೇನಿಯಾದ ಸೇಂಟ್ ಫ್ರಾನ್ಸಿಸ್ ಅನ್ನೋ ಇನ್ನೂ ಚಿಕ್ಕ ಕಾಲೇಜಲ್ಲಿದ್ದವನು. ಆ ಇಂಡಿಯಾನ 2026ರ ಜನವರಿಯಲ್ಲಿ ಮಯಾಮಿಯನ್ನ 27-21ಕ್ಕೆ ಸೋಲಿಸಿ, ಒಂದೂ ಸೋಲಿಲ್ಲದೆ 16-0ಯಲ್ಲಿ ನ್ಯಾಷನಲ್ ಚಾಂಪಿಯನ್ ಆಯ್ತು. ಹೈಸ್ಕೂಲ್‌ನಲ್ಲಿ ದೊಡ್ಡ ಕಾಲೇಜುಗಳು ಅಷ್ಟಾಗಿ ಕಣ್ಣು ಹಾಕದ ಹುಡುಗ್ರು ಇವರು. ಸಸಿಗೆ ನೀರು ಹಾಕಿ ಬೇಲಿ ಕಟ್ಟಿದ್ದು ಜೇಮ್ಸ್ ಮ್ಯಾಡಿಸನ್ ಇರೋ ಹ್ಯಾರಿಸನ್‌ಬರ್ಗ್‌ನಲ್ಲಿ, ಕಾಯಿ ಬಿಟ್ಟಿದ್ದು ಇಂಡಿಯಾನದ ಬ್ಲೂಮಿಂಗ್ಟನ್‌ನಲ್ಲಿ. ಜನವರಿ ಆ ರಾತ್ರಿ ನಾನು ಅವರಿಗಾಗಿ ನಿಜವಾಗ್ಲೂ ಖುಷಿಪಟ್ಟೆ. ಜೊತೆಗೆ ಜೇಮ್ಸ್ ಮ್ಯಾಡಿಸನ್ ಬಗ್ಗೆ ಸಂಕಟಾನೂ ಆಯ್ತು.

ಇದರಿಂದ ರಿಕ್ರೂಟಿಂಗ್ ಅನ್ನೋ ಮಾತಿನ ಅರ್ಥವೇ ಚಿಕ್ಕ ಕಾಲೇಜುಗಳಲ್ಲಿ ಬದಲಾಗಿದೆ. ಮುಂಚೆ ಹದಿನೇಳು ವರ್ಷದವನನ್ನ ತಂದು, ಒಂದೆರಡು ವರ್ಷ ತಿನ್ನಿಸಿ, ಮೈ ಬೆಳೆಸಿ, ಮೂರನೇ ವರ್ಷ ಆಡಿಸ್ತಿದ್ರು. ಈಗ ಅವನು ಎರಡನೇ ವರ್ಷ ಚೆನ್ನಾಗಿ ಆಡಿದ್ರೆ ಮೂರನೇ ವರ್ಷ ನಿಮ್ಮ ಹತ್ರ ಇರ್ತಾನೆ ಅನ್ನೋ ನಂಬಿಕೆ ಇಲ್ಲ. ಆದ್ರಿಂದ ಕೋಚ್‌ಗಳು ಎರಡು ಕೆಲಸ ಮಾಡ್ತಿದ್ದಾರೆ. ಒಂದು, ತಮ್ಮ ತಂಡದ ಹುಡುಗರನ್ನೇ ಪ್ರತಿ ವರ್ಷ ಮತ್ತೆ ಮತ್ತೆ ಒಪ್ಪಿಸೋದು, ಅವರ ಅಮ್ಮನಿಗೆ ಫೋನ್ ಮಾಡೋದು, ಊರಿನ ವ್ಯಾಪಾರಸ್ಥರ ಹತ್ರ ದುಡ್ಡು ಎತ್ತೋದು. ಇನ್ನೊಂದು, ಹೈಸ್ಕೂಲ್ ಹುಡುಗರ ಬದಲು ಪೋರ್ಟಲ್‌ನಿಂದ ಬೆಳೆದ ಗಂಡಸರನ್ನ ತಗೊಳೋದು, ದೊಡ್ಡ ಕಾಲೇಜಲ್ಲಿ ಬೆಂಚಲ್ಲಿ ಕೂತವರು ಕೆಳಗಿಳಿದು ಬರ್ತಾರೆ, ಕೆಳಗಿನ ಡಿವಿಜನ್‌ನಲ್ಲಿ ಮಿಂಚಿದವರು ಹತ್ತಿ ಬರ್ತಾರೆ. ಟುಲೇನ್ ಮಾಡಿದ್ದೂ ಅದೇ, ಮೆನ್ಸಾ ಹೋದ್ಮೇಲೆ ಬಿವೈಯು ಅನ್ನೋ ದೊಡ್ಡ ಕಾಲೇಜಿನಿಂದ ಬಂದ ಜೇಕ್ ರೆಟ್ಜ್‌ಲಾಫ್‌ನ ಇಟ್ಕೊಂಡೇ ಪ್ಲೇಆಫ್ ಸೇರಿದ್ದು. ಅವರನ್ನ ತಪ್ಪು ಅನ್ನೋಕಾಗಲ್ಲ, ಗ್ಯಾರಂಟಿ ಇರೋದು ವರ್ಷಕ್ಕೊಂದೇ ಜಾಗ, ಅದು ಈ ವರ್ಷವೇ ಬೇಕು, ಮೂರು ವರ್ಷ ಕಾಯೋ ತಾಳ್ಮೆ ಯಾರಿಗಿದೆ. ಒಂದು ಜಾಗದ ಆಸೆ ಬಂದ್ಮೇಲೆ ಅವಸರವೂ ಬಂತು. ಈ ಅವಸರದಲ್ಲಿ ಕೈಬಿಟ್ಟು ಹೋಗೋನು ಹೈಸ್ಕೂಲ್‌ನ ಕೊನೇ ವರ್ಷದ ಹುಡುಗ.

ನಮ್ಮ ಪಕ್ಕದ್ಮನೆಯವನಿಗೆ ಆಗಿದ್ದೂ ಅದೇ. 2025ರ ಡಿಸೆಂಬರ್ 3 ಹೈಸ್ಕೂಲ್ ಹುಡುಗ್ರು ಕಾಲೇಜಿಗೆ ಸಹಿ ಹಾಕೋ ದಿನ. ಅದಕ್ಕೆ ಸ್ವಲ್ಪ ದಿನ ಮುಂಚೆ ಅವನನ್ನ ಕರೆದಿದ್ದ ಕೋಚ್ ಕೆಲಸ ಬದಲಾಯಿಸಿದ್ರು. ಅವರಮ್ಮ ಥ್ಯಾಂಕ್ಸ್‌ಗಿವಿಂಗ್ ಪೈ ಕೊಡೋಕೆ ಬಂದವರು ನಮ್ಮ ಅಡಿಗೆಮನೇಲೇ ಕೂತು ಅತ್ತುಬಿಟ್ರು, ನಾನು ಕಾಫಿ ಮಾಡಿ ಕೊಟ್ಟೆ, ಇನ್ನೇನು ಮಾಡ್ಲಿ. ಕೊನೆಗೂ ಹೊಸಬರ ಕಡೆಯಿಂದ ಫೋನ್ ಬಂತು. ಸ್ಕಾಲರ್‌ಶಿಪ್ ಇಲ್ಲ ಅಂತ ನೇರವಾಗಿ ಹೇಳ್ಲಿಲ್ಲ, ಪೋರ್ಟಲ್ ಮುಗೀಲಿ, ಕಾರ್ನರ್‌ಬ್ಯಾಕ್ ಎಷ್ಟು ಜನ ಬರ್ತಾರೆ ನೋಡಿ ಹೇಳ್ತೀವಿ ಅಂದ್ರಂತೆ. ಆ ಸಲ ಪೋರ್ಟಲ್ ತೆರೆದಿದ್ದು 2026ರ ಜನವರಿ 2ರಿಂದ 16ರ ತನಕ. ಡಿಸೆಂಬರ್ 3ಕ್ಕೆ ಸ್ಕೂಲ್ ಜಿಮ್‌ನಲ್ಲಿ ಟೇಬಲ್ ಹಾಕಿ, ಬೇರೆ ಹುಡುಗ್ರೆಲ್ಲ ಟೋಪಿ ಹಾಕ್ಕೊಂಡು ಸಹಿ ಮಾಡೋವಾಗ ಇವನು ಸ್ಟ್ಯಾಂಡಲ್ಲಿ ಕೂತು ಚಪ್ಪಾಳೆ ತಟ್ಟಿದ್ನಂತೆ, ಮಗಳು ಬಂದು ಹೇಳಿದ್ಲು. ಜನವರಿ ಪೂರ್ತಿ ಅವನು ಫೋನ್ ಕೈಲಿ ಹಿಡ್ಕೊಂಡೇ ಓಡಾಡ್ತಿದ್ದ. ಆ ಫೋನ್ ಬರ್ಲೇ ಇಲ್ಲ.

ಅದೇ ಜನವರಿಯಲ್ಲಿ ಮೆಸ್ಟಮೇಕರ್ ಕೂಡ ತನ್ನ ಕೋಚ್ ಹಿಂದೆ ಒಕ್ಲಹೋಮ ಸ್ಟೇಟ್‌ಗೆ ಹೊರಟ. ಡೆಂಟನ್‌ನ ಬಿಸಿಲಲ್ಲಿ ನಿಂತು ಚಪ್ಪಾಳೆ ಹೊಡೆದ ನಮಗೆ ಬೇಜಾರಾಯ್ತು, ಆದ್ರೆ ಆ ಹುಡುಗನ ಮೇಲೆ ಕೋಪ ಬರ್ಲಿಲ್ಲ, ಬರಬಾರದು ಕೂಡ. ಸ್ಕಾಲರ್‌ಶಿಪ್ಪೇ ಇಲ್ಲದೆ ಬಂದವನು ಅವನು. ಕೋಚ್‌ಗೆ ಹೋಗೋ ಹಕ್ಕಿದೆ ಅಂದ್ಮೇಲೆ ಹುಡುಗನಿಗೂ ಇದೆ, ಇದರಲ್ಲಿ ನನಗೆ ಯಾವತ್ತೂ ಎರಡು ಮಾತಿಲ್ಲ. ನಾನು ಕೇಳೋದು ಇಷ್ಟೇ, ಬೆಳೆಸಿದ ಕಾಲೇಜಿಗೆ ಏನಾದ್ರೂ ಸಿಗಬೇಡ್ವಾ? ಕಾಲಲ್ಲಿ ಒದೆಯೋ ಸಾಕರ್‌ನಲ್ಲಿ ಆಟಗಾರನನ್ನ ತಗೊಳೋ ಕ್ಲಬ್ಬು ಹಳೇ ಕ್ಲಬ್ಬಿಗೆ ದುಡ್ಡು ಕೊಡತ್ತೆ. ಇಲ್ಲಿ ಹಾಗಿಲ್ಲ, ಬೆಳೆಸಿದವರು ಬರಿಗೈ. ಹಾಗೇ ಈ ದಿನಾಂಕಗಳು, ಸಹಿ ಹಾಕೋ ದಿನ, ಕೋಚ್ ಬದಲಾವಣೆ, ಪ್ಲೇಆಫ್, ಪೋರ್ಟಲ್ ಎಲ್ಲಾ ಎರಡು ತಿಂಗಳೊಳಗೆ ಒಂದರ ಮೇಲೊಂದು. ಪ್ಲೇಆಫ್ ಇನ್ನೂ ದೊಡ್ಡದು ಮಾಡೋಣ, 16 ಮಾಡೋಣ 24 ಮಾಡೋಣ ಅಂತ ದೊಡ್ಡ ಕಾನ್ಫರೆನ್ಸ್‌ಗಳು ಮಾತಾಡ್ತಾನೇ ಇದ್ದಾರೆ. ಮೊದಲು ಈ ಕ್ಯಾಲೆಂಡರ್ ಸರಿಮಾಡಿ ಸ್ವಾಮಿ, ಹದಿನೇಳು ವರ್ಷದ ಮಕ್ಕಳು ಇದರ ಮಧ್ಯೆ ಸಿಕ್ಕಾಕ್ಕೊಂಡಿದ್ದಾರೆ.

2024ರಲ್ಲಿ ಮಾರ್ಷಲ್ ಕಾಲೇಜಿಗೆ ಆಗಿದ್ದಂತೂ ನನಗೆ ಮರೆಯೋಕೇ ಆಗಲ್ಲ. ಸನ್ ಬೆಲ್ಟ್ ಗೆದ್ದ ತಂಡ, ಕೋಚ್ ಹೋದ್ರು, ಹಿಂದೆನೇ ಆಟಗಾರರು ಗುಂಪುಗುಂಪಾಗಿ ಪೋರ್ಟಲ್‌ಗೆ ಹೋದ್ರು, ಕೊನೆಗೆ ಬೌಲ್ ಆಟ ಆಡೋಕೆ ಜನ ಸಾಲದೆ ಆಡಲ್ಲ ಅಂತ ಹಿಂದೆ ಸರಿದ್ರು. ಚಾಂಪಿಯನ್ ಆದ ವಾರದಲ್ಲೇ.

ಫೆಬ್ರವರಿ 4ಕ್ಕೆ ನಮ್ಮ ಹುಡುಗ ಸಹಿ ಹಾಕಿದ. ಒಂದು ಡಿವಿಜನ್ ಕೆಳಗಿನ ಕಾಲೇಜು, ಎಫ್‌ಸಿಎಸ್ ಅಂತಾರೆ, ಇಲ್ಲಿಂದ ಆರೂವರೆ ಗಂಟೆ ಡ್ರೈವು, ಪೂರ್ತಿ ಅಲ್ಲದಿದ್ರೂ ಮುಕ್ಕಾಲು ಸ್ಕಾಲರ್‌ಶಿಪ್. ಮೂರೇ ಹುಡುಗ್ರು ಇದ್ರು ಆವತ್ತು ಟೇಬಲ್ ಹತ್ರ. ನಾನು ಮನೇಲೇ ಮೈಸೂರ್‌ಪಾಕ್ ಮಾಡ್ಕೊಂಡು ಹೋಗಿದ್ದೆ, ಎರಡು ತುಂಡು ತಿಂದ. ಅವರಮ್ಮ ಯಾವ ಹೈವೇ, ಮಧ್ಯದಲ್ಲಿ ಎಲ್ಲಿ ನಿಲ್ಲಿಸ್ಬೇಕು ಅಂತ ಆಗ್ಲೇ ಲೆಕ್ಕ ಹಾಕ್ತಿದ್ರು, ನಾಲ್ಕು ವರ್ಷ ಶನಿವಾರ ಶನಿವಾರ ಓಡಾಡ್ಬೇಕಲ್ಲ ಅಂತ.

"ನಾಲ್ಕಲ್ಲಮ್ಮ, ಎರಡು," ಅಂದ ಅವನು, "ಎರಡು ವರ್ಷ ಚೆನ್ನಾಗಿ ಆಡ್ತೀನಿ, ಆಮೇಲೆ ಪೋರ್ಟಲ್." ಅವರಮ್ಮ ನನ್ನ ಮುಖ ನೋಡಿದ್ರು. ಅವನ ಹೊಸ ಕೋಚ್ ಅಲ್ಲೇ ಎರಡು ಹೆಜ್ಜೆ ಆಚೆ ನಿಂತು ಅವರಪ್ಪನ ಕೈ ಕುಲುಕ್ತಾ ಇದ್ರು.